ಬೀಗರು ಹಿಡಿದ ಉಸಿರು

ಬಾವಿಯಿಂದಲೇ ಶುರು ಮಾಡೋಣ. ದೆವ್ವದ ಕತೆ ಅಂದಮೇಲೆ ಬಾವಿಯೋ ಆಲದ ಮರವೋ ಒಂದಿರಲೇಬೇಕು ಅಂತ ಕೇಳುವವರು ಹಟ ಹಿಡಿಯುತ್ತಾರೆ. ಇದೆ, ಬಾವಿ ಇದೆ. ಆದರೆ ಅದರೊಳಗಿಂದ ಯಾರೂ ಎದ್ದು ಬರುವುದಿಲ್ಲ. ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ... ಅವೆಲ್ಲ ಬೇಕಿದ್ದರೆ ಬೇರೆಯವರನ್ನು ಕೇಳಿ. ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಆದದ್ದನ್ನು ಆದಷ್ಟೇ ಹೇಳುತ್ತೇನೆ.

ಅವಳನ್ನು ಎಲ್ಲರೂ ಅಳಿಲು ಅಂತಲೇ ಕರೆಯುವುದು. ಮುಂದಿನ ಹಲ್ಲು ಸ್ವಲ್ಪ ಉದ್ದ, ಕೂತಲ್ಲಿ ಕೂರುವುದಿಲ್ಲ. ಹೆಸರಿಡಲು ಇನ್ನೇನು ಬೇಕು. ಎಕ್ಸ್‌ರೇ ತೆಗೆಯುವ ಕೋರ್ಸು ಓದುತ್ತಿದ್ದಳು, ಕೊನೆಯ ವರ್ಷ. ಅಂದು ಕಾಲೇಜಿನಲ್ಲಿ ತಡವಾಗಿತ್ತು. ರಸ್ತೆಯಲ್ಲಿ ಜನ ಇಲ್ಲ. ಅವಳ ಚಪ್ಪಲಿಯದೇ ಸದ್ದು. ಚಟ್... ಪಟ್... ಚಟ್... ಪಟ್. ತಿರುವಿನಲ್ಲಿ ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಒಳಗೆ ಕಪ್ಪೆಗಳು. ಟ್ರೊಂಯ್, ಟ್ರೊಂಯ್, ಟ್ರೊಂಯ್. ಯಾರಾದರೂ ಹತ್ತಿರ ಬಂದರೆ ಕಪ್ಪೆ ಸುಮ್ಮನಾಗುತ್ತದೆ, ದಾಟಿ ಹೋದಮೇಲೆ ಮತ್ತೆ ಶುರುಮಾಡುತ್ತದೆ. ಅದು ಕಪ್ಪೆಯ ಸ್ವಭಾವ. ಅದಕ್ಕೆ ದೆವ್ವ ಬೇಕಿಲ್ಲ.

ಅಳಿಲು ಹತ್ತಿರ ಬಂದಳು. ಕಪ್ಪೆಗಳು ಸುಮ್ಮನಾದವು.

ಆಗ ಅವಳಿಗೆ ನೆನಪಾಯಿತು. ಬಾವಿಯ ಪಕ್ಕದಲ್ಲೇ ನಿಂತುಬಿಟ್ಟಳು.

"ಅಯ್ಯೋ... ಬೀಗರಿಗೆ ಹೇಳ್ಲೇ ಇಲ್ಲ!"

ಈ ಬೀಗರು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಅವಳ ಕಾಲೇಜಿನ ಎಕ್ಸ್‌ರೇ ಕೋಣೆಯಲ್ಲಿ ಒಂದು ತಲೆಬುರುಡೆ ಇದೆ. ಪ್ಲಾಸ್ಟಿಕ್ಕಿನದಲ್ಲ, ನಿಜವಾದದ್ದು. ಯಾರದು, ಎಲ್ಲಿಂದ ಬಂತು, ಯಾರಿಗೂ ಗೊತ್ತಿಲ್ಲ. ಹಳೇ ಬಾಚಣಿಗೆಯ ಬಣ್ಣ. ಎಡಗಡೆಯ ಕೆನ್ನೆಲುಬು ಯಾವ ಕಾಲದಲ್ಲೋ ಮುರಿದು, ಸರಿಯಾಗಿ ಕೂಡಿಕೊಳ್ಳದೆ, ಅಲ್ಲೊಂದು ಸಣ್ಣ ಮೆಟ್ಟಿಲಿನಂತೆ ನಿಂತಿದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ತಿಳಿಯುತ್ತದೆ. ಬದುಕಿದ್ದಾಗ ಯಾರೋ ಚೆನ್ನಾಗಿಯೇ ಇಕ್ಕಿದ್ದಾರೆ. ವಿದ್ಯಾರ್ಥಿಗಳು ಮುಖದ ಎಲುಬುಗಳನ್ನು ಕಲಿಯುವುದು ಅದರ ಮೇಲೆ, ಎಕ್ಸ್‌ರೇ ತೆಗೆದು ಕೈ ಪಳಗಿಸಿಕೊಳ್ಳುವುದೂ ಅದರದೇ. ಅದಕ್ಕೆ ಬೀಗರು ಅಂತ ಹೆಸರು ಬಂದದ್ದು ಮೇಷ್ಟ್ರ ದೆಸೆಯಿಂದ. ಮಗಳ ಮಾವನನ್ನು ನೋಡಿಕೊಳ್ಳುವಷ್ಟು ಮರ್ಯಾದೆಯಿಂದ ಅದನ್ನು ನೋಡಿಕೊಳ್ಳಬೇಕು ಅಂತ ಅವರ ಹುಕುಂ.

ಮೇಷ್ಟ್ರು ಒಣಕಲು ಮನುಷ್ಯ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ರೋಗಿಗೆ ಏನೇನು ಹೇಳಬೇಕೋ ಬುರುಡೆಗೂ ಅಷ್ಟೂ ಹೇಳಬೇಕು ಅನ್ನುವವರು. "ಬನ್ನಿ. ಗದ್ದ ಇಲ್ಲಿಡಿ. ಮೂಗು ತಾಗಲಿ. ಉಸಿರು ಹಿಡೀರಿ. ಅಲ್ಲಾಡಬೇಡಿ." ಆಮೇಲೆ ಸೀಸದ ಗಾಜಿನ ಹಿಂದೆ ಹೋಗಿ ಬಟನ್ ಒತ್ತಬೇಕು. ಗುಂಯ್ಯ್ಯ್... ಟಕ್. ಆಮೇಲೆ ಕೊನೆಯ ಮಾತು: "ಆಯ್ತು, ಉಸಿರು ಬಿಡಿ." ಅದನ್ನು ಮರೆತರೆ ಮಾರ್ಕು ಕಟ್. ರೋಗಿ ಪಾಪ, ಹೇಳಿದ್ದನ್ನು ಕೇಳುವವನು. ಬಿಡಿ ಅನ್ನುವವರೆಗೂ ಮುಖ ಕೆಂಪು ಮಾಡಿಕೊಂಡು ಹಿಡಿದೇ ಇರುತ್ತಾನೆ. ತೆಗೆದವರು ಮಾತ್ರ ಚಿತ್ರ ಹೇಗೆ ಬಂತು ಅಂತ ನೋಡಲು ಓಡಿಹೋಗಿರುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಮಾಡುವ ತಪ್ಪು ಅದು.

"ಸಾರ್, ಬೀಗರಿಗೆ ಶ್ವಾಸಕೋಶಾನೇ ಇಲ್ವಲ್ಲ ಸಾರ್," ಅಂತ ಅಳಿಲಿನ ಕ್ಲಾಸಿನವನೊಬ್ಬ ಹಲ್ಲು ಕಿರಿದಿದ್ದ.

"ನಿಂಗೆ ಮಿದುಳಿಲ್ಲ ಅಂತ ನಾನು ಪಾಠ ನಿಲ್ಸಿದೀನಾ? ಹೇಳು."

ಹೇಳಿದ.

ಆ ಸಂಜೆ ಆದದ್ದು ಇಷ್ಟು. ಅಳಿಲು ತಿಂಗಳಾನುಗಟ್ಟಲೆ ಕೆಡಿಸುತ್ತಲೇ ಬಂದಿದ್ದ ಒಂದು ಫಿಲ್ಮು ಅವತ್ತು ಸರಿ ಬಂತು. ಮುಖವನ್ನು ಪ್ಲೇಟಿಗೆ ಆನಿಸಿ, ಗದ್ದ ಮೇಲೆತ್ತಿ ತೆಗೆಯುವ ಚಿತ್ರ ಅದು. ಕೆನ್ನೆಯ ಎಲುಬಿನೊಳಗೆ ಎರಡೂ ಕಡೆ ಗಾಳಿ ತುಂಬಿದ ಗೂಡುಗಳಿವೆ. ಕಿವಿಯ ಬುಡದಲ್ಲಿ ಕಲ್ಲಿನಂಥ ಒಂದು ಎಲುಬಿದೆ. ಆ ಕಲ್ಲಿನ ನೆರಳು ಈ ಗೂಡುಗಳ ಕೆಳಗೆ ಬೀಳಬೇಕು. ಗದ್ದ ಚೂರು ಇಳಿದರೂ ನೆರಳು ಕೆನ್ನೆಯ ಮೇಲೇರಿ ಕೂರುತ್ತದೆ. ಒಳಗೇನಿದೆ ಅಂತ ದೇವರಿಗೂ ಕಾಣುವುದಿಲ್ಲ. ಹೋದ ಸಲ ಪ್ರಾಕ್ಟಿಕಲ್‌ನಲ್ಲಿ ಅವಳು ಫೇಲಾದದ್ದು ಇಲ್ಲೇ. ಅವತ್ತು ಬಟನ್ ಒತ್ತಿದಳು, ಸ್ಕ್ರೀನಿನ ಹತ್ತಿರ ಓಡಿದಳು. ನೆರಳು ಕೆಳಗಿತ್ತು. ಗೂಡುಗಳು ಎರಡು ಕಪ್ಪು ಕಿಟಕಿಗಳ ಹಾಗೆ ತೆರೆದುಕೊಂಡಿದ್ದವು.

"ಪರವಾಗಿಲ್ಲ," ಅಂದರು ಮೇಷ್ಟ್ರು. ಅವರ ಬಾಯಲ್ಲಿ ಅದು ಚಿನ್ನದ ಪದಕ.

ಅಳಿಲು ಅದೇ ಖುಷಿಯಲ್ಲಿ ಬ್ಯಾಗು ಎತ್ತಿಕೊಂಡು ಹೊರಟುಬಂದಿದ್ದಳು. ಬೀಗರು ಪ್ಲೇಟಿಗೆ ಗದ್ದ ಕೊಟ್ಟುಕೊಂಡು ನಿಂತೇ ಇದ್ದರು.

ಈಗ ಬಾವಿಯ ಪಕ್ಕದಲ್ಲಿ ಅವಳಿಗೆ ನಗು ಬಂತು. ಯಾರಾದರೂ ಕೇಳಿಸಿಕೊಂಡಾರೆಂದು ಪಿಸುಮಾತಿನಲ್ಲೇ ಅಂದಳು, "ನಾಳೆ ಬಿಡಿಸ್ತೀನಿ ಬೀಗರೇ. ಒಂದು ರಾತ್ರಿ ತಡ್ಕೊಳ್ಳಿ."

ಮುಂದೆ ನಡೆದಳು. ಚಟ್... ಪಟ್... ಬೀದಿಯ ತುದಿ ಬಂತು. ತಿರುಗಿದಳು. ಮನೆಯ ಗೇಟು ತೆಗೆಯುವಾಗ ಹೊಳೆಯಿತು... ಕಪ್ಪೆಗಳು ಮತ್ತೆ ಶುರುಮಾಡಿರಲಿಲ್ಲ.

ಅವಳ ಗಂಡ ಬಡಗಿ. ಪ್ರೀತಿಸಿ ಮದುವೆಯಾದವರು, ಹೋಗು ಬಾ ಅಂತಲೇ ಮಾತು. ಅದಕ್ಕೆ ಅತ್ತೆ ದಿನಕ್ಕೊಮ್ಮೆಯಾದರೂ ಮುಖ ಗಂಟಿಕ್ಕಬೇಕು. ಅವನದು ಹಗಲೂ ಗರಗಸ, ರಾತ್ರಿಯೂ ಗರಗಸ. ಮಲಗಿದ ಅಂದರೆ ಘರ್ರ್... ಸುಯ್. ಘರ್ರ್... ಸುಯ್. ಪಕ್ಕದ ಮನೆಯವರು ಗೋಡೆ ತಟ್ಟಿದ್ದೂ ಉಂಟು. ಅಳಿಲಿಗೆ ಮಾತ್ರ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಪರೀಕ್ಷೆ ಮುಂದಿನ ವಾರ. ಓದಿದ್ದನ್ನು ಅವಳು ಗಂಡನ ಮುಖದ ಮೇಲೆ ಒಪ್ಪಿಸುತ್ತಿದ್ದಳು. ಪುಸ್ತಕದಲ್ಲಿ ಎಷ್ಟು ಓದಿದರೂ ತಲೆಗೆ ಹತ್ತದ್ದು ಬೆರಳಿಗೆ ಹತ್ತುತ್ತಿತ್ತು. ಎಚ್ಚರವಿದ್ದರೆ ಅವನು ಬಿಡುತ್ತಿರಲಿಲ್ಲ. "ನನ್ನ ಮುಖ ಏನು ನಿಮ್ಮ ಕಾಲೇಜಿನ ಬೆಂಚಾ?" ಅಂತ ಕೈ ಕೊಡವುತ್ತಿದ್ದ. ಅತ್ತೆಯಂತೂ, "ತರಕಾರಿ ಆರಿಸೋ ಹಾಗೆ ಗಂಡನ ಮೂತಿ ಒತ್ತಿ ನೋಡ್ತಾಳಲ್ಲಪ್ಪ," ಅಂದು ಒಳಗೆ ಹೋಗುತ್ತಿದ್ದರು. ಹಾಗಾಗಿ ಅವನು ಮಲಗಿದ ಮೇಲೆಯೇ ಅಳಿಲಿನ ಪಾಠ.

ಅಂದೂ ದೀಪ ಆರಿಸಿ ಕೂತಳು. ಮೂಗಿನ ಮೇಲ್ತುದಿಯಲ್ಲಿ ಚಿಕ್ಕ ಎರಡು ಎಲುಬು. ಕಣ್ಣಿನ ಒಳಮೂಲೆಯಲ್ಲಿ ಉಗುರಿನಷ್ಟಗಲದ, ಉಗುರಿನಷ್ಟೇ ತೆಳುವಾದ ಎಲುಬು. ಕಣ್ಣೀರು ಅದರ ಪಕ್ಕದಿಂದಲೇ ಮೂಗಿಗೆ ಇಳಿಯುವುದು. ಅಲ್ಲಿಂದ ಕಣ್ಣಿನ ಕೆಳ ಅಂಚು. ಅಂಚು ಹಿಡಿದು ಹೊರಗೆ ಜಾರಿದರೆ ಕೆನ್ನೆಲುಬು. ಕಿವಿಯ ಕಡೆಗೆ ಸೇತುವೆಯ ಹಾಗೆ ಬಾಗಿದ ಕಮಾನು...

ಘರ್ರ್... ಸುಯ್. ಘರ್ರ್...

ನಿಂತಿತು.

ಬೆರಳು ಕೆನ್ನೆಯ ಮೇಲೆಯೇ ಉಳಿಯಿತು. ಫ್ಯಾನಿನ ಸದ್ದು ಕೇಳಿಸತೊಡಗಿತು. ಕಿರ್... ಟಕ್. ಕಿರ್... ಟಕ್. ಅಷ್ಟು ದಿನ ಆ ಫ್ಯಾನಿಗೆ ಸದ್ದಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟಳು. ಎದೆ ಏರಿದ್ದು ಏರಿದ ಹಾಗೇ ಇತ್ತು, ಇಳಿಯುತ್ತಿರಲಿಲ್ಲ.

"ಏಯ್..."

ಸುಯ್. ಘರ್ರ್... ಸುಯ್. ಮತ್ತೆ ಶುರುವಾಯಿತು. ಗೊರಕೆ ಹೊಡೆಯುವವರಿಗೆ ಇದೆಲ್ಲ ಸಾಮಾನ್ಯ. ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ, ಮತ್ತೆ ಬರುತ್ತದೆ. ಅದಕ್ಕೊಂದು ಉದ್ದನೆಯ ಹೆಸರೂ ಇದೆ. ಅಳಿಲು ಓದಿಯೂ ಇದ್ದಳು. ಆದರೂ ಬೆಳಗಾಗುವವರೆಗೆ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಕಾಲೇಜಿಗೆ ಹೋದರೆ ಎಕ್ಸ್‌ರೇ ಕೋಣೆಗೆ ಬೀಗ. ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರು. ಮೇಷ್ಟ್ರು ಬೆಳಗಿನ ಬಸ್ಸಿಗೇ ಮಗಳ ಊರಿಗೆ ಹೋದರು ಅಂದ ಕಾವಲುಗಾರ. ಬೀಗದ ಕೈ ಅವರ ಜೇಬಿನಲ್ಲಿ. ಎಕ್ಸ್‌ರೇ ಯಂತ್ರ ಇರುವ ಕೋಣೆ, ಬೀಗದ ಕೈ ಕಂಡಕಂಡವರಿಗೆ ಕೊಡುವ ಹಾಗಿಲ್ಲ. ಬಾಗಿಲಿಗೆ ಕಿಟಕಿಯೂ ಇಲ್ಲ. ಅಳಿಲು ಆ ಕಡೆ ಈ ಕಡೆ ನೋಡಿ, ಬಾಗಿಲಿನ ಸಂದಿಗೆ ಬಾಯಿಟ್ಟು, "ಉಸಿರು ಬಿಡಿ," ಅಂದಳು.

"ಏನಮ್ಮ?" ಅಂದ ಕಾವಲುಗಾರ ಹಿಂದಿನಿಂದ.

"ಏನಿಲ್ಲಣ್ಣ. ಕೆಮ್ಮು."

ಮೇಷ್ಟ್ರಿಗೆ ಫೋನ್ ಮಾಡಬಹುದಿತ್ತು. ಮಾಡಿ ಏನು ಹೇಳುವುದು? ಸಾರ್, ಬುರುಡೆ ಉಸಿರು ಕಟ್ಟಿಕೊಂಡು ನಿಂತಿದೆ, ಬೇಗ ಬನ್ನಿ ಅಂತಲಾ? ನಾನಾಗಿದ್ದರೂ ಮಾಡುತ್ತಿರಲಿಲ್ಲ.

ಆ ರಾತ್ರಿ ಗರಗಸ ಬೇಗ ನಿಂತಿತು. ಮೊದಲ ರಾತ್ರಿಗಿಂತ ಹೆಚ್ಚು ಹೊತ್ತು. ಅಳಿಲು ಮನಸ್ಸಿನಲ್ಲೇ ಎಣಿಸತೊಡಗಿದಳು. ಎಣಿಕೆ ತಪ್ಪಿತು. ಭುಜ ಹಿಡಿದು ಅಲ್ಲಾಡಿಸಿದಳು. ಬಡಗಿ ದಬಕ್ಕನೆ ಎದ್ದು ಕೂತ. ಬಾವಿಯಿಂದ ಮೇಲೆ ಬಂದವನ ಹಾಗೆ ಬಾಯಿ ತೆರೆದು ಗಾಳಿ ಎಳೆದುಕೊಂಡ.

"ಏನಾಯ್ತೋ?"

"ಕನಸು." ಮುಖ ಒರೆಸಿಕೊಂಡ. "ಯಾರೋ ಗದ್ದ ಹಿಡಿದು ಮೇಲಕ್ಕೆ ಎತ್ತಿದ ಹಾಗೆ. ಮೂತಿಗೆ ಹಲಗೆ ಒತ್ತಿಟ್ಟಿದಾರೆ. ತಣ್ಣಗಿರೋ ಹಲಗೆ. ಮರ ಅಲ್ಲ ಅದು... ಮರ ಆಗಿದ್ರೆ ನಂಗೆ ಗೊತ್ತಾಗಲ್ವಾ."

ತನ್ನ ಕೆಲಸದ ವಿಷಯ ಅವಳು ಮನೆಯಲ್ಲಿ ಹೇಳಿದ್ದು ಎಲುಬುಗಳ ಹೆಸರಷ್ಟೇ. ಮುಖವನ್ನು ಪ್ಲೇಟಿಗೆ ಹೇಗೆ ಆನಿಸುತ್ತಾರೆ ಅನ್ನುವುದು ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಸಾಧ್ಯವಿರಲಿಲ್ಲ ಅನ್ನುವುದು ಅವಳ ಮಾತು. ಯಾವಾಗಲೋ ಬಾಯಿಬಿಟ್ಟಿರುತ್ತಾಳೆ, ಮರೆತಿರುತ್ತಾಳೆ ಅನ್ನುವುದು ನನ್ನದು.

"ಆಮೇಲೆ?"

"ಆಮೇಲೇನು. ಅಲ್ಲಾಡಬೇಡಿ ಅಂದ್ರು. ಅದಕ್ಕೇ ಅಲ್ಲಾಡಲಿಲ್ಲ."

"ಯಾರು ಅಂದಿದ್ದು?"

ಅವನು ಅವಳ ಕಡೆ ತಿರುಗಿದ. ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ.

"ಯಾರು ಅಂದ್ರೆ... ನೀನೇ. ನಿಂದೇ ಧ್ವನಿ. ಯಾವತ್ತೂ ಇಲ್ಲದ ಮರ್ಯಾದೆ ಕೊಟ್ಟು ಮಾತಾಡಿದೆ, ಆಗ್ಲೇ ಕನಸು ಅಂತ ಗೊತ್ತಾಗಬೇಕಿತ್ತು ನಂಗೆ." ನಕ್ಕು ಮಗ್ಗಲು ಬದಲಿಸಿದ. ಅವನು ನಕ್ಕದ್ದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಬೆಳಿಗ್ಗೆ ಅವನ ಮೂಗಿನ ತುದಿಯಲ್ಲಿ, ಗದ್ದದ ಮೇಲೆ, ಕೆಂಪಗೆ ಚಪ್ಪಟೆ ಗುರುತು. ದಿಂಬಿಗೆ ಮುಖ ಒತ್ತಿ ಮಲಗಿದ್ದೆ ಅಂದ. ದಿಂಬು ಅವನ ಕಾಲಿನ ಹತ್ತಿರ ಬಿದ್ದಿತ್ತು.

ಅಳಿಲು ಓದಿದವಳು. ಓದಿದವರು ಏನು ಮಾಡಬೇಕೋ ಅದನ್ನೇ ಮಾಡಿದಳು, ಗಂಡನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಮೂಗಿಗೆ ದೀಪ ಬಿಟ್ಟು ನೋಡಿದರು. ಮೂಗಿನ ನಡುಗೋಡೆಗೆ ಹಿಂದುಗಡೆ ಆಸರೆಯಾಗಿ ನಿಲ್ಲುವ, ನೇಗಿಲಿನ ಗುಳದ ಆಕಾರದ ಎಲುಬೊಂದಿದೆ. ಅದು ಒಂದು ಕಡೆಗೆ ವಾಲಿದೆ, ಗಾಳಿಗೆ ದಾರಿ ಸಾಲುತ್ತಿಲ್ಲ ಅಂದರು. ಮೂಗಿಗೆ ಹನಿ ಬರೆದುಕೊಟ್ಟರು. ನಿದ್ದೆಯಲ್ಲಿ ಒಂದು ಪರೀಕ್ಷೆ ಮಾಡಿಸಿ ಅಂದರು. ಅದಕ್ಕೆ ದಿನ ಸಿಕ್ಕಿದ್ದು ಮುಂದಿನ ತಿಂಗಳು. ಡಾಕ್ಟರು ಹೇಳಿದ್ದರಲ್ಲಿ ನನಗೆ ಒಂದಿಷ್ಟೂ ತಕರಾರಿಲ್ಲ. ಇವತ್ತಿಗೂ ಇಲ್ಲ.

ಮೂರನೇ ರಾತ್ರಿ ಮೂಗಿಗೆ ಹನಿ ಹಾಕಿಕೊಂಡು ಮಲಗಿದ. ಅಳಿಲು ಪಕ್ಕದಲ್ಲಿ ಕೂತಳು. ಓದಲು ಕೂತದ್ದಲ್ಲ, ಕಾಯಲು. ಆದರೂ ಕೈ ಅಭ್ಯಾಸದಂತೆ ಅವನ ಮುಖಕ್ಕೆ ಹೋಯಿತು. ಆ ಮುಖ ಹೋಗಿಬಿಟ್ಟೀತು ಅನ್ನುವ ಭಯಕ್ಕೆ ಇರಬೇಕು, ಅಂದು ಮೆಲ್ಲಗೆ, ಒಂದೊಂದೇ ಎಲುಬನ್ನು ಸವರುತ್ತ ಹೋದಳು. ಮೂಗು. ಕಣ್ಣಿನಂಚು. ಕೆನ್ನೆ...

ಘರ್ರ್...

ನಿಂತಿತು.

ಎಡಗೆನ್ನೆಯ ಮೇಲೆ ಅವಳ ಬೆರಳೂ ನಿಂತಿತು.

ಮೆಟ್ಟಿಲು.

ಸಣ್ಣದು. ಚರ್ಮದಡಿಯಲ್ಲಿ, ಎಲುಬಿನ ಮೇಲೆ. ಆ ಮೆಟ್ಟಿಲು ಅವಳಿಗೆ ಗೊತ್ತು. ವರ್ಷವಿಡೀ ಬೆರಳಾಡಿಸಿದ ಮೆಟ್ಟಿಲು. ಆದರೆ ಅದು ಇರಬೇಕಾದದ್ದು ಬೀಗ ಹಾಕಿದ ಕೋಣೆಯಲ್ಲಿ. ಅವಳ ಗಂಡನ ಕೆನ್ನೆ ಯಾವತ್ತೂ ಮುರಿದಿರಲಿಲ್ಲ. ನಿನ್ನೆ ಅದು ಹೆರೆದ ಹಲಗೆಯ ಹಾಗೆ ನುಣ್ಣಗಿತ್ತು.

ಕೈ ತೆಗೆಯಲು ಆಗಲಿಲ್ಲ ಅವಳಿಗೆ. ಬಗ್ಗಿ, ಅವನ ಕಿವಿಗೆ ಬಾಯಿ ತಾಗಿಸಿ ಅಂದಳು, "ಉಸಿರು ಬಿಡಿ... ಆಯ್ತು... ಉಸಿರು ಬಿಡಿ..."

ಏನೂ ಇಲ್ಲ. ಕಿರ್... ಟಕ್. ಕಿರ್... ಟಕ್.

ಕೆನ್ನೆಗೆ ಫಟೀರನೆ ಹೊಡೆದಳು. ಮತ್ತೊಂದು. ಮಗದೊಂದು. ಕೊನೆಗೆ ಅತ್ತೆ ಓಡಿಬಂದು ದೀಪ ಹಾಕಿದಾಗ ಬಡಗಿ ಎದ್ದು ಕೂತು ಕೆಮ್ಮುತ್ತಿದ್ದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಳಿಲು ಬೆಳಕಿನಲ್ಲಿ ಅವನ ಕೆನ್ನೆ ಮುಟ್ಟಿ ನೋಡಿದಳು. ನುಣ್ಣಗಿತ್ತು.

"ಹೊಡೆದಿದ್ದೂ ಅಲ್ದೆ ಸವರ್ತಾಳೆ ನೋಡು," ಅಂದರು ಅತ್ತೆ. ಆದರೆ ಎಂದಿನ ಹಾಗೆ ಒಳಗೆ ಹೋಗಲಿಲ್ಲ. ಮಗನ ತುಟಿಯನ್ನು ಅವರೂ ನೋಡಿದ್ದರು.

ಬೆಳಕು ಹರಿಯುವ ಮೊದಲೇ ಅಳಿಲು ಹಿತ್ತಿಲಿಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದಳು.

"ಸಾರ್... ನಾನು ಸಾರ್. ಅವತ್ತು ಸಂಜೆ... ಬಿಡಿ ಅನ್ಲಿಲ್ಲ ಸಾರ್."

ನಗುತ್ತಾರೆ ಅಂದುಕೊಂಡಳು. ಬೈಯುತ್ತಾರೆ ಅಂದುಕೊಂಡಳು.

"ಮನೇಲಿ ಯಾರ್ಯಾರಿದೀರಿ?"

"ನಮ್ಮನೆಯವರು... ಅತ್ತೆ."

"ಯಾರಿಗೆ ಆಗ್ತಿದೆ?"

"ನಮ್ಮನೆಯವರಿಗೆ."

"ಅವರನ್ನ ಮಲಗೋಕೆ ಬಿಡಬೇಡ. ಕೂತಲ್ಲಿ ತೂಕಡಿಸೋಕೂ ಬಿಡಬೇಡ. ಸಂಜೆ ಹೊತ್ತಿಗೆ ಬರ್ತೀನಿ, ಕೋಣೆ ಹತ್ರ ಇರು."

"ಸಾರ್... ಅದು ಮಾರ್ಕಿಗೋಸ್ಕರ ಅಲ್ವಾ ಸಾರ್ ಹೇಳಿಸೋದು?"

"ಮಾರ್ಕಿಗೋಸ್ಕರ ಅಂತ ಯಾರು ಹೇಳಿದ್ರು ನಿಂಗೆ?"

ಫೋನ್ ಕಟ್ಟಾಯಿತು.

ಆ ಹಗಲು ದೊಡ್ಡ ಶಿಕ್ಷೆ. ಸತತ ನಿದ್ದೆಗೆಟ್ಟ ಮನುಷ್ಯನನ್ನು ಎಚ್ಚರವಾಗಿಡುವುದು ಸುಲಭವಲ್ಲ. ಕೆಲಸಕ್ಕೆ ಕಳಿಸಲಿಲ್ಲ, ಗರಗಸದ ಮುಂದೆ ತೂಕಡಿಸಿದರೆ ಕೈ ಹೋದೀತು. ಡಾಕ್ಟರು ಹೇಳಿದಾರೆ, ಇವತ್ತು ಮಲಗೋ ಹಾಗಿಲ್ಲ ಅಂತ ಅಳಿಲು ಸುಳ್ಳು ಹೇಳಿದಳು. ಬಡಗಿ ಬೈದುಕೊಂಡೇ ಮನೆಯ ಒಂದು ಕುರ್ಚಿ ಬಿಚ್ಚಿ ಮತ್ತೆ ಜೋಡಿಸಿದ. ಸಂಜೆಯಾಯಿತು. ಅಳಿಲು ಹೊರಡುವಾಗ ಅತ್ತೆಯ ಕೈ ಹಿಡಿದುಕೊಂಡಳು.

"ಮಾತಾಡಿಸ್ತಾನೇ ಇರಿ ಅತ್ತೆ. ನಿದ್ದೆ ಬರದ ಹಾಗೆ."

"ಅವನು ಹುಟ್ಟಿದಾಗಿಂದ ಏನೇನು ತಪ್ಪು ಮಾಡಿದಾನೆ ಅಂತ ಒಂದೊಂದೇ ಹೇಳ್ತೀನಿ. ಬೆಳಗಿನ ತನಕ ಮುಗಿಯಲ್ಲ. ನೀನು ಹೋಗಿ ಬಾ."

ಎಕ್ಸ್‌ರೇ ಕೋಣೆಯ ಮುಂದೆ ಮೇಷ್ಟ್ರು ಆಗಲೇ ನಿಂತಿದ್ದರು. ಕೈಯಲ್ಲಿ ಪ್ರಯಾಣದ ಚೀಲ. ಬಸ್ಸಿಳಿದು ನೇರ ಬಂದಿದ್ದರು. ಬೀಗ ತೆಗೆದರು. ಒಳಗೆ ಬೀಗರು ಇವಳು ಬಿಟ್ಟುಹೋದ ಜಾಗದಲ್ಲಿ ಇರಲಿಲ್ಲ, ಗಾಜಿನ ಬೀರುವಿನಲ್ಲಿದ್ದರು. ಅಂದು ಕೋಣೆ ಮುಚ್ಚುವ ಮೊದಲು ನಾನೇ ಎತ್ತಿಟ್ಟೆ, ನೀನು ಹೇಳಿದೀಯ ಅಂದುಕೊಂಡಿದ್ದೆ ಅಂದರು ಮೇಷ್ಟ್ರು.

ಆಗಲೇ ಅಳಿಲಿನ ಫೋನ್ ಹೊಡೆದುಕೊಂಡಿತು. ಅತ್ತೆ.

"ನೀರು ತರೋಕೆ ಅಂತ ಒಳಗೆ ಹೋಗಿದ್ದೆ ಕಣೇ... ಅಷ್ಟೇ, ಬೇರೇನಿಲ್ಲ... ಬಂದು ನೋಡ್ತೀನಿ, ಕುರ್ಚಿ ಮೇಲೇ ಮಲಗಿಬಿಟ್ಟಿದಾನೆ. ಎಬ್ಬಿಸಿದ್ರೂ ಏಳ್ತಿಲ್ಲ... ಸದ್ದೇ ಇಲ್ಲ ಕಣೇ... ಪಕ್ಕದ ಮನೆಯವರು ಗಾಡಿ ತರೋಕೆ ಓಡಿದಾರೆ..."

"ಅತ್ತೆ, ಫೋನ್ ಅವನ ಮೂಗಿನ ಹತ್ರ ಇಡಿ. ತೆಗೀಬೇಡಿ." ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು. ಅದರಿಂದ ಬರುತ್ತಿದ್ದದ್ದು ಒಂದೇ ಸದ್ದು. ಕಿರ್... ಟಕ್. ಮನೆಯ ಫ್ಯಾನು.

"ಎಲ್ಲಿ ಬಿಟ್ಟಿದ್ಯೋ ಅಲ್ಲಿಗೇ ತಂದು ನಿಲ್ಲಿಸು," ಮೇಷ್ಟ್ರು ಪಿಸುಗುಟ್ಟಿದರು. "ನಾನು ಮುಟ್ಟಲ್ಲ. ಹಿಡೀರಿ ಅಂದವಳು ನೀನು."

ಬೀರು ತೆಗೆದಳು. ಬುರುಡೆ ಎತ್ತಿಕೊಂಡಳು. ಯಾವಾಗಲೂ ಖಾಲಿ ಡಬ್ಬಿಯ ಹಾಗೆ ಹಗುರ ಇರುತ್ತಿದ್ದದ್ದು... ಅವತ್ತು ಭಾರವಿತ್ತು ಅನ್ನುತ್ತಾಳೆ. ಕೈ ಸೋತಿದ್ದರೆ ಎಲ್ಲವೂ ಭಾರವೇ. ಪ್ಲೇಟಿನ ಮುಂದೆ ಇಟ್ಟಳು. ಗದ್ದ ತಾಗಿಸಿದಳು. ಮೂಗಿನೆಲುಬು ತಾಗಿಸಿದಳು. ಅದು ಜಾರಿತು.

"ಇಳೀತು. ಗದ್ದ ಮೇಲೆ."

ಎತ್ತಿದಳು.

"ಇನ್ನೂ. ನೆರಳು ಕೆನ್ನೆ ಮೇಲೆ ಬೀಳತ್ತೆ ಹಾಗಿದ್ರೆ. ಅವತ್ತು ಹೇಗೆ ಇಟ್ಟಿದ್ದೆ? ನೆನಪು ಮಾಡ್ಕೋ. ಗಾಬರಿ ಬೇಡ."

"ಆಗ್ತಿಲ್ಲ ಸಾರ್..."

"ಕಣ್ಣು ಮುಚ್ಚು. ಬೆರಳಲ್ಲಿ ನೋಡು."

ಕಣ್ಣು ಮುಚ್ಚಿದಳು. ಮೇಜಿನ ಮೇಲಿನ ಫೋನಿನಲ್ಲಿ ಅತ್ತೆ ಅಳುತ್ತಿದ್ದರು. "ತುಟಿ ನೀಲಿ ಆಯ್ತು ಕಣೇ..." ಅಳಿಲಿನ ಬೆರಳು ಕಣ್ಣಿನ ಗೂಡಿನ ಅಂಚು ಹಿಡಿದು ಹೊರಟಿತು. ಅಂಚಿನಿಂದ ಕಿವಿಯ ತೂತಿಗೆ ಗೆರೆ. ಆ ಗೆರೆಯನ್ನು ಅರ್ಧ ಮೂಲೆಮಟ್ಟಕ್ಕೆ, ಅಂದರೆ ನಲವತ್ತೈದು ಡಿಗ್ರಿಗೆ, ಬಾಗಿಸಬೇಕು. ಬಾಗಿಸುತ್ತ ಬಂದಳು. ರಾತ್ರಿಗಳಲ್ಲಿ ಗಂಡನ ಮುಖದ ಮೇಲೆ ಹೇಗೆ ಹೋಗುತ್ತಿತ್ತೋ ಹಾಗೇ ಹೋಯಿತು ಕೈ. ಇನ್ನು ಸ್ವಲ್ಪ. ಇನ್ನು ಕೂದಲೆಳೆ. ನಿಲ್ಲಿಸಿದಳು.

"ಹ್ಞೂಂ," ಅಂದರು ಮೇಷ್ಟ್ರು.

ಇಬ್ಬರೂ ಸೀಸದ ಗಾಜಿನ ಹಿಂದೆ ಹೋದರು. ಅವಳ ಕೈ ಬಟನ್ನಿಗೆ ಹೋಯಿತು.

"ಅದು ಒತ್ತಿಯಾಗಿದೆ. ಉಳಿದಿದ್ದು ಒಂದೇ."

"ಆಯ್ತು... ಉಸಿರು ಬಿಡಿ." ಬಾಯಿಂದ ಬರೀ ಗಾಳಿ ಬಂತು.

"ರೋಗಿಗೆ ಕೇಳಿಸಬೇಕಮ್ಮ."

ಅಳಿಲು ಗಂಟಲು ಸರಿಮಾಡಿಕೊಂಡಳು. ಆಸ್ಪತ್ರೆಯಲ್ಲಿ ಹೇಳುವ ಹಾಗೆ, ವಯಸ್ಸಾದವರಿಗೆ ಹೇಳುವ ಹಾಗೆ, ಗಟ್ಟಿಯಾಗಿ, ಮೆತ್ತಗೆ ಅಂದಳು, "ಮುಗೀತು. ತುಂಬ ಹೊತ್ತು ಕಾಯಿಸಿಬಿಟ್ಟೆ, ತಪ್ಪಾಯ್ತು. ಉಸಿರು ಬಿಡಿ."

ಗಾಜಿನ ಆಚೆ ಏನೂ ಅಲುಗಲಿಲ್ಲ. ಮೇಷ್ಟ್ರು ಆ ಕಡೆ ನೋಡುತ್ತಲೂ ಇರಲಿಲ್ಲ. ಗೋಡೆ ನೋಡುತ್ತಿದ್ದರು.

ಕಿರ್... ಟಕ್.

ಕಿರ್...

ಫೋನಿನಿಂದ ಬಂತು. ಹ್ಹ್ಹ್ಹ್ಹ್... ಉದ್ದನೆಯ ಉಸಿರು. ಬರುತ್ತಲೇ ಇತ್ತು. ಒಬ್ಬ ಮನುಷ್ಯನ ಎದೆಯಲ್ಲಿ ಹಿಡಿಸುವಷ್ಟು ಗಾಳಿ ಮುಗಿದ ಮೇಲೂ ಬರುತ್ತಲೇ ಇತ್ತು. ಆಮೇಲೆ ಒಂದು ಕೆಮ್ಮು. ಆಮೇಲೆ... ಘರ್ರ್. ಸುಯ್. ಘರ್ರ್. ಸುಯ್.

"ಬಂತು ಕಣೇ! ಬಂತು!" ಅತ್ತೆ ಕೂಗಿದರು. ಮರುಕ್ಷಣವೇ, "ಥೂ ಥೂ... ಏನೇ ಇದು ವಾಸನೆ ಇವನ ಬಾಯಿ! ಎಷ್ಟೋ ವರ್ಷ ಮುಚ್ಚಿಟ್ಟ ಪೆಟ್ಟಿಗೆ ತೆಗೆದ ಹಾಗೆ! ಹಲ್ಲುಜ್ಜೋದು ಬಿಟ್ಟಿದಾನೇನೇ?"

ಅಳಿಲು ನೆಲದ ಮೇಲೆ ಕೂತು ಅತ್ತಳು. ಮೇಷ್ಟ್ರು ಅವಳು ಅತ್ತು ಮುಗಿಸುವವರೆಗೂ ಕಾದರು. ಆಮೇಲೆ, "ಬೀಗರನ್ನ ಒಳಗಿಡು. ಜೋಪಾನ," ಅಂದರು. ಅದರ ಬಗ್ಗೆ ಅವರು ಆಡಿದ ಕೊನೆಯ ಮಾತು ಅದು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನನ್ನ ಹತ್ತಿರವಂತೂ ಹವಾಮಾನದ ವಿಷಯ ಮಾತಾಡಿದರು.

ಪರೀಕ್ಷೆ ಪಾಸಾಯಿತು. ಬಡಗಿ ಈಗಲೂ ಗೊರಕೆ ಹೊಡೆಯುತ್ತಾನೆ, ಪಕ್ಕದ ಮನೆಯವರು ಈಗಲೂ ಗೋಡೆ ತಟ್ಟುತ್ತಾರೆ. ನಿದ್ದೆಯ ಪರೀಕ್ಷೆಗೆ ಅವನು ಹೋಗಲೇ ಇಲ್ಲ. ಮೂಗಿನೊಳಗಿನ ಎಲುಬು ವಾಲಿದ್ದಕ್ಕೆ ಉಸಿರು ಕಟ್ಟುತ್ತದೆ. ನಿದ್ದೆಗೆಟ್ಟು ಹೆದರಿದ ಹೆಂಗಸಿನ ಬೆರಳಿಗೆ ಇಲ್ಲದ ಮೆಟ್ಟಿಲು ಸಿಗುತ್ತದೆ. ಉಸಿರು ಬರುವ ಹೊತ್ತಿಗೆ ಬಂತು, ಇವಳು ಹೇಳಿದ ಹೊತ್ತೂ ಅದೇ ಆಗಿತ್ತು. ಇಷ್ಟೆಲ್ಲ ನಾನು ಅಳಿಲಿಗೆ ಬಿಡಿಸಿ ಹೇಳಿದೆ. ಅವಳು ವಾದ ಮಾಡಲಿಲ್ಲ. "ಒಂದು ಸಲ ಕಾಲೇಜಿಗೆ ಬಾ ಅಣ್ಣ," ಅಂದಳು, ಅಷ್ಟೇ. ಅವಳು ಈಗ ಅಲ್ಲೇ ಕೆಲಸಕ್ಕಿದ್ದಾಳೆ, ಹೊಸಬರಿಗೆ ಹೇಳಿಕೊಡುತ್ತಾಳೆ.

ಹೋದೆ. ಹಗಲು ಹೊತ್ತಿನಲ್ಲೇ ಹೋದೆ. ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿ ಫಿಲ್ಮು ಹಾಕಿದಳು. ಎಲ್ಲವೂ ಬೀಗರವೇ. ಹೊಸ ತಂಡದವರು ತೆಗೆದವು, ಬೇರೆ ಬೇರೆ ದಿನ, ಬೇರೆ ಬೇರೆ ಕೈ. ಮುಖದಲ್ಲಿ ಹದಿನಾಲ್ಕು ಎಲುಬು. ಅವಳು ಬೆರಳಿಟ್ಟು ತೋರಿಸುತ್ತ ಹೋದಳು. ಕೆನ್ನೆ, ಮೂಗು, ಮೇಲ್ದವಡೆ, ಎಲ್ಲವೂ ಚೂರಿಯಲ್ಲಿ ಕೊರೆದ ಹಾಗೆ ಸ್ಪಷ್ಟ. ಕೆಳದವಡೆ ಒಂದು ಮಾತ್ರ ಎಲ್ಲ ಫಿಲ್ಮಿನಲ್ಲೂ ಮಸುಕು. ರೋಗಿ ಮಾತಾಡಿದರೆ ಬರುವಂಥ ಮಸುಕು ಅಂತೆ ಅದು.

"ಸ್ಪ್ರಿಂಗು ಸಡಿಲ ಇರಬೇಕು," ಅಂದೆ. ದವಡೆಯನ್ನು ಬುರುಡೆಗೆ ಹಿಡಿದಿಡುವುದು ಎರಡು ಸ್ಪ್ರಿಂಗು.

ಅವಳು ಕೊನೆಯ ಫಿಲ್ಮು ಹಾಕಿದಳು. ಸ್ಪ್ರಿಂಗು ಬದಲಿಸಿ ನೋಡಿದರಂತೆ, ಆಗಲಿಲ್ಲ. ಆಮೇಲೆ ಮೇಷ್ಟ್ರೇ ದವಡೆಯನ್ನು ತಲೆಯ ಸುತ್ತ ತಾಮ್ರದ ತಂತಿಯಿಂದ ಬಿಗಿದು ಕಟ್ಟಿ ತೆಗೆಸಿದ ಫಿಲ್ಮು ಅದು.

ಯಾರು ಏನಾದರೂ ಅನ್ನಲಿ, ನಾನು ಕನ್ನಡಕ ಒರೆಸಿಕೊಂಡು ಹತ್ತಿರದಿಂದ ನೋಡಿದ್ದೇನೆ. ಇದು ನಡೆದದ್ದು. ತಂತಿ ಬಿಳಿ ಗೆರೆಯ ಹಾಗೆ, ಕೂದಲೆಳೆಯಷ್ಟೂ ಅಲುಗದೆ ಬಂದಿತ್ತು. ಅದರ ಗಂಟು ಕೂಡ ಎಣಿಸುವ ಹಾಗಿತ್ತು. ಒಳಗಿನ ದವಡೆ ಮಸುಕಾಗಿತ್ತು.